ಹತ್ತೊಂಬತ್ತನೇ ಲೈನು

ನಮ್ಮೂರಿನ ಹೊಳೆಯನ್ನು ದೋಣಿ ದಾಟುತ್ತದೆ, ಎಮ್ಮೆ ದಾಟುತ್ತದೆ, ಕೊಕ್ಕರೆ ದಾಟುತ್ತದೆ. ಧ್ವನಿ ಮಾತ್ರ ದಾಟುವುದಿಲ್ಲ. ಈ ದಡದಲ್ಲಿ ನಿಂತು ಎಷ್ಟು ಕೂಗಿದರೂ ಆ ದಡದವರಿಗೆ ನಾವು ಬಾಯಿ ತೆರೆದದ್ದಷ್ಟೇ ಕಾಣುತ್ತದೆ. ಯಾರು ಯಾವ ದಡದಲ್ಲಿ ಮೊದಲ ಮಾತು ಆಡಿದರೋ ಅವರ ಧ್ವನಿ ಆ ದಡಕ್ಕೆ ಸೇರಿದ್ದು. ದೋಣಿ ನಡುಹೊಳೆಗೆ ಬರುವ ಹೊತ್ತಿಗೆ ಗಂಟಲು ಬರಿದಾಗುತ್ತದೆ. ವಾಪಸು ಬರುವಾಗ ಅದೇ ಜಾಗದಲ್ಲಿ ತುಂಬಿಕೊಳ್ಳುತ್ತದೆ. ಹಾಗಾಗಿ ದೋಣಿ ಹತ್ತಿದವರು ಮುಖ್ಯವಾದ ಮಾತನ್ನೆಲ್ಲ ಅರ್ಧ ದಾರಿಯೊಳಗೇ ಮುಗಿಸಿಬಿಡುತ್ತಾರೆ. ದೋಣಿಕಟ್ಟೆಯಲ್ಲಿ ಎಲೆ ಅಡಿಕೆ ಅಂಗಡಿಯ ಪಕ್ಕದಲ್ಲೇ ಸ್ಲೇಟು ಬಳಪದ ಅಂಗಡಿ. ಹೊಳೆ ದಾಟಿ ಮದುವೆಯಾದ ಹೆಣ್ಣುಮಕ್ಕಳು ಅತ್ತೆಮನೆಯಲ್ಲಿ ಸ್ಲೇಟು ಹಿಡಿದೇ ಸಂಸಾರ ಮಾಡುತ್ತಾರೆ. ತವರಿಗೆ ಬರುವ ದಿನ ನಡುಹೊಳೆಯಿಂದಲೇ ಶುರುವಾದ ಅವರ ಮಾತು ಗಂಟಲು ಕಟ್ಟುವ ತನಕ ನಿಲ್ಲುವುದಿಲ್ಲ. ಚೊಚ್ಚಲ ಹೆರಿಗೆಗಂತೂ ಮಗಳನ್ನು ತಪ್ಪದೆ ಈಚೆಗೆ ಕರೆತರುತ್ತಾರೆ. ಆ ಹೊತ್ತಿನಲ್ಲಿ ಕೂಗಿಕೊಳ್ಳಲಿಕ್ಕಾದರೂ ಧ್ವನಿ ಬೇಡವೇ ಎನ್ನುವುದು ನಮ್ಮ ಕಡೆಯ ಹೆಂಗಸರ ಮಾತು.

ಎರಡು ದಡಗಳ ನಡುವೆ ಮಾತು ಹೋಗಿಬರುವುದಕ್ಕೆ ಒಂದೇ ದಾರಿ, ಹೊಳೆಯ ತಳದಲ್ಲಿ ಹಾಸಿರುವ ಟ್ರಂಕ್ ಕೇಬಲ್. ಡಿಜಿಟಲ್ ಆದಮೇಲೆ ಆ ಒಂದೇ ಕೇಬಲ್ಲಿನಲ್ಲಿ ಮೂವತ್ತು ಲೈನುಗಳು ಓಡುತ್ತವೆ. ಎರಡೂ ಕಡೆ ಒಂದೊಂದು ಎಕ್ಸ್‌ಚೇಂಜು, ಒಂದೊಂದರಲ್ಲೂ ಮೂವತ್ತು ಬೂತು, ಒಂದು ಬೂತಿಗೆ ಒಂದು ಲೈನು. ಈಚೆ ದಡದಲ್ಲಿ ಆ ಮೂವತ್ತನ್ನೂ ನೋಡಿಕೊಳ್ಳುವವಳು ನಾನು, ಪಂಕಜಾಕ್ಷಿ. ಆಚೆ ದಡದಲ್ಲಿ ಗುರುಪಾದಯ್ಯ.

ಗುರುಪಾದಯ್ಯನವರ ಮುಖವನ್ನು ನಾನು ಒಂಬತ್ತು ವರ್ಷ ನೋಡಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ, ಎರಡು ಎಕ್ಸ್‌ಚೇಂಜುಗಳ ನಡುವಿನ ಮಾತಿನ ಫೋನಿನಲ್ಲಿ ಅವರೇ ನನಗೆ ಎಲ್ಲ ಕಲಿಸಿದ್ದು. ಪರದೆಯ ಮೇಲೆ ಪ್ರತಿ ಲೈನಿನ ಎದುರಿಗೂ ಅದರ ಸ್ಥಿತಿ ಬರೆದಿರುತ್ತದೆ. ನನಗೆ ಎಲ್ಲವೂ ಒಂದೇ ಥರ ಕಾಣುತ್ತಿತ್ತು. ಒಂದು ಬೆಳಿಗ್ಗೆ ಐದು ಲೈನು ಕೆಟ್ಟಿವೆ ಎಂದು ಗಾಬರಿಯಿಂದ ಹೇಳಿದೆ.

"ಕೆಟ್ಟಿಲ್ಲ ತಂಗೀ, ತಡದಾವ," ಎಂದರು. "ಕೆಡೂದು ಬ್ಯಾರೆ, ತಡಿಯೂದು ಬ್ಯಾರೆ. ನೀ ತಡದ್ರ ನಿನ್ನ ಪರದೇದಾಗ ಈಚೆ ತಡೆ ಅಂತ ಬರತೈತಿ. ನಾ ತಡದ್ರ ಆಚೆ ತಡೆ ಅಂತ ಬರತೈತಿ. ಆಚೆ ತಡೆ ಅಂತ ಬಂದ್ರ ನೀ ಏನೂ ಕೀಳಬ್ಯಾಡ, ಮುರೀಬ್ಯಾಡ. ಫೋನ್ ಹಚ್ಚಿ ಕೇಳು, ಅಣ್ಣಾ ಯಾಕ ತಡದೀಯಪಾ ಅಂತ."

"ಯಾರಾದರೂ ಮಾತಾಡ್ತಿರುವಾಗ ನಾನು ತಡೆ ಒತ್ತಿಬಿಟ್ಟರೆ?"

"ಆವಾಗ ಮಾತು ಮುಗೀಲಿ ಅಂತ ತೋರಸತೈತಿ. ಅವರು ಫೋನ್ ಇಡೂತನಕಾ ಅದು ಕಾಯ್ತೈತಿ. ಮಶೀನಿಗೆ ಇರೂ ಅಷ್ಟು ತಾಳ್ಮಿ ನಮಗೂ ಇರಲಿ."

ಇದರ ಮೇಲೆ ಇನ್ನೊಂದು, ಎಲ್ಲರೂ ಬಯಸುವ ಸ್ಥಿತಿ: ಸೇವೆಯಲ್ಲಿದೆ. ಅದಕ್ಕೆ ಹಸಿರು ದೀಪ. ಪ್ರತಿದಿನ ಬೆಳಿಗ್ಗೆ ಎಂಟು ಗಂಟೆಗೆ ನಾವಿಬ್ಬರೂ ಮೂವತ್ತು ಲೈನುಗಳನ್ನು ಪರೀಕ್ಷೆ ಮಾಡುತ್ತಿದ್ದೆವು. ನಾನು ಒಂದೊಂದರಲ್ಲೂ ಸಣ್ಣಗೆ ಸೀಟಿಯಂಥ ಸ್ವರ ಕಳಿಸುತ್ತಿದ್ದೆ, ಅವರು ಮಾತಿನ ಫೋನಿನಲ್ಲಿ "ಕೇಳಾಕತ್ತೈತಿ" ಎನ್ನುತ್ತಿದ್ದರು. ಆಮೇಲೆ ಅವರು ಕಳಿಸುತ್ತಿದ್ದರು, ನಾನು "ಕೇಳಿಸ್ತಿದೆ" ಎನ್ನುತ್ತಿದ್ದೆ. ನಡುವೆ ಅವರ ಹಿತ್ತಲಿನ ಬದನೆ ಗಿಡದ ವಿಷಯ, ನನ್ನ ತಂಗಿಯ ಮದುವೆಯ ವಿಷಯ ಎಲ್ಲ ಬಂದುಹೋಗುತ್ತಿತ್ತು. ನನ್ನ ತಂದೆ ತೀರಿಕೊಂಡ ಮಾರನೆಯ ವಾರ ಕೆಲಸಕ್ಕೆ ಬಂದಾಗ ಅವರು ಪರೀಕ್ಷೆಯನ್ನು ಎಂದಿಗಿಂತ ನಿಧಾನವಾಗಿ ಮಾಡಿಸಿದರು. ನಾನು ಅಳು ನುಂಗಿಕೊಳ್ಳುವವರೆಗೆ ಮುಂದಿನ ಲೈನಿನ ಸಂಖ್ಯೆ ಹೇಳದೆ ಕಾಯುತ್ತಿದ್ದರು.

ನನ್ನ ಕೆಲಸದ ಒಂಬತ್ತನೇ ವರ್ಷ, ಚಳಿಗಾಲ ಕಳೆಯುತ್ತಿದ್ದಾಗ ದ್ಯಾವಮ್ಮ ನನ್ನ ಮೇಜಿನ ಎದುರು ಬಂದು ನಿಂತರು. ದ್ಯಾವಮ್ಮ ಸಂತೆಬೀದಿಯಲ್ಲಿ ಚಾಪೆ ನೇಯುವ ಹೆಂಗಸು. ಒಬ್ಬಳೇ ಮಗಳು ಕಸ್ತೂರಿಯನ್ನು ಆಚೆ ದಡಕ್ಕೆ ಕೊಟ್ಟು ಎರಡು ವರ್ಷವಾಗಿತ್ತು. ಕಿಟಕಿಯ ಪಕ್ಕದ ಹತ್ತೊಂಬತ್ತನೇ ಬೂತು ಇಕ್ಕಟ್ಟೆಂದು ಬೇರೆ ಯಾರೂ ಕೇಳುತ್ತಿರಲಿಲ್ಲ. ದಿನಾ ಸಂಜೆ ಐದೂವರೆಗೆ ಅದು ದ್ಯಾವಮ್ಮನದು. ಆಚೆಯ ಹತ್ತೊಂಬತ್ತರಲ್ಲಿ ಕಸ್ತೂರಿ ಬಂದು ಕೂರುತ್ತಿದ್ದಳು. ಮಾತಿಲ್ಲದ ಕಡೆಯವರು ರಿಸೀವರನ್ನು ಬೆರಳಿನಿಂದ ಕುಟ್ಟುವುದು ನಮ್ಮಲ್ಲಿ ವಾಡಿಕೆ. ಮೂರು ಸಲ ಎಂದರೆ ಬಂದಿದ್ದೇನೆ, ಒಂದು ಸಲ ಹೌದು, ಎರಡು ಸಲ ಇಲ್ಲ. ಅಷ್ಟರಲ್ಲೇ ತಾಯಿ ಮಗಳು ಅರ್ಧ ಗಂಟೆ ಮಾತಾಡುತ್ತಿದ್ದರು.

"ಪಂಕಜಮ್ಮ, ಒಂದು ವಾರ ಆಯ್ತು ಕಣವ್ವ," ಎಂದರು ದ್ಯಾವಮ್ಮ. "ಬತ್ತಾಳೆ. ಬಂದೆ ಅಂತ ಮೂರು ಸಲ ಕುಟ್ತಾಳೆ. ಆಮೇಲೆ ನಾನು ಏನ್ ಕೇಳುದ್ರೂ ಹೂಂ ಇಲ್ಲ, ಉಹೂಂ ಇಲ್ಲ. ಎಂಟು ತಿಂಗಳು ತುಂಬೈತೆ ಅವಳ್ಗೆ. ಯಾವತ್ತು ಕರ್ಕೊಂಡು ಬರ್ಲಿ ಮಗಾ ಅಂತ ಕೇಳ್ತಾನೇ ಇದ್ದೀನಿ. ಅರ್ಧ ಗಂಟೆ ಸುಮ್ಕೆ ಕೂತು ಎದ್ದೋಯ್ತಾಳೆ."

"ಜಗಳ ಏನಾದರೂ ಆಗಿತ್ತಾ?"

ಅವರು ಸೆರಗಿನ ತುದಿಯನ್ನು ಹಿಂಡಿದರು. ಕಸ್ತೂರಿಯ ಸೀಮಂತಕ್ಕೆ ಬೀಗರು ತಡವಾಗಿ ಹೇಳಿಕಳಿಸಿದರೆಂದು ಇವರು ಹೋಗಿರಲಿಲ್ಲ. ಹೋಗದಿದ್ದದ್ದಲ್ಲದೆ ಫೋನಿನಲ್ಲಿ, ನಿನಗೀಗ ಅತ್ತೆಮನೆಯೇ ಹೆಚ್ಚಾಯಿತು ಎಂದೂ ಅಂದುಬಿಟ್ಟಿದ್ದರು. ಅದರ ಮಾರನೆಯ ದಿನದಿಂದ ಮಗಳ ಬೆರಳು ಸುಮ್ಮನಾಗಿತ್ತು.

"ಲೈನೇನಾದ್ರೂ ಕೆಟ್ಟೈತಾ ನೋಡವ್ವ. ಕೆಟ್ಟಿದ್ರೆ ಸಾಕು ನಂಗೆ," ಎಂದರು.

ನಾನು ಪರದೆ ನೋಡಿದೆ. ಹತ್ತೊಂಬತ್ತು, ಸೇವೆಯಲ್ಲಿದೆ. ಹಸಿರು ದೀಪ. ಬೆಳಿಗ್ಗೆ ತಾನೇ ಗುರುಪಾದಯ್ಯ ಕೇಳಾಕತ್ತೈತಿ ಎಂದಿದ್ದರು. "ಲೈನು ಚೆನ್ನಾಗಿದೆ ದ್ಯಾವಮ್ಮ," ಎಂದೆ. ಆಕೆಯ ಮುಖ ಬಾಡಿತು. ಮಗಳು ಮಾತು ಬಿಟ್ಟಿದ್ದಾಳೆಂದು ನಾನೇ ಮೊಹರು ಒತ್ತಿ ಕೊಟ್ಟ ಹಾಗಾಯಿತು.

ಆ ಸಂಜೆ ಆಕೆ ಒತ್ತಾಯ ಮಾಡಿ ನನ್ನನ್ನು ಬೂತಿನೊಳಗೆ ಕರೆದುಕೊಂಡರು. ಇಬ್ಬರೂ ಒಂದೇ ರಿಸೀವರಿಗೆ ಕಿವಿ ಹಚ್ಚಿದೆವು. ಮೂರು ಸಲ ಕುಟ್ಟಿದ ಸದ್ದು ಕೇಳಿಸಿತು. ದ್ಯಾವಮ್ಮ ಕರೆದರು, ಕೇಳಿದರು, ಕೊನೆಗೆ ತಪ್ಪಾಯಿತು ಎಂದರು. ಆ ಕಡೆ ಉಸಿರಾಡುವುದು ಕೇಳಿಸುತ್ತಿತ್ತು, ಮೂಗು ಒರೆಸಿಕೊಂಡದ್ದು ಕೇಳಿಸಿತು. ಮತ್ತೆ ಮೂರು ಸಲ ಕುಟ್ಟಿದಳು. ಸ್ವಲ್ಪ ತಡೆದು ಇನ್ನೊಮ್ಮೆ ಮೂರು ಸಲ. ತಾಯಿ ಇಷ್ಟು ಮಾತಾಡುತ್ತಿರುವಾಗ ಬಂದಿದ್ದೇನೆ, ಬಂದಿದ್ದೇನೆ ಎಂದು ಯಾರು ಹೇಳುತ್ತಾರೆ? ಆ ಹುಡುಗಿಗೆ ಏನೂ ಕೇಳಿಸುತ್ತಿರಲಿಲ್ಲ. ಅವಳ ಸದ್ದು ನಮಗೆ ಬರುತ್ತಿತ್ತು, ನಮ್ಮದು ಅವಳಿಗೆ ಹೋಗುತ್ತಿರಲಿಲ್ಲ. ಹಸಿರು ದೀಪ ಹಾಗೇ ಉರಿಯುತ್ತಿತ್ತು.

ಓಡಿಹೋಗಿ ಹತ್ತೊಂಬತ್ತಕ್ಕೆ ತಡೆ ಒತ್ತಿದೆ. ಮಾತು ಮುಗಿಯಲಿ ಎಂದು ಪರದೆ ತೋರಿಸಿತು. ದ್ಯಾವಮ್ಮ ರಿಸೀವರ್ ಇಡುವ ತನಕ ನಾನು ಆ ಅಕ್ಷರಗಳನ್ನು ನೋಡುತ್ತ ನಿಂತಿದ್ದೆ.

ಹಾಗಾದರೆ ದಿನಾ ಬೆಳಿಗ್ಗೆ ಗುರುಪಾದಯ್ಯ ಕೇಳುತ್ತಿದ್ದದ್ದೇನನ್ನು? ಮಾರನೆಯ ದಿನ ಎಂಟು ಗಂಟೆಗೆ, ಅವರಿಗೆ ಅನುಮಾನ ಬಾರದಿರಲೆಂದು ತಡೆ ತೆಗೆದು, ಪರೀಕ್ಷೆ ಶುರು ಮಾಡಿದೆ. ಹತ್ತೊಂಬತ್ತಕ್ಕೆ ಬಂದಾಗ ನಾನು ಸ್ವರ ಕಳಿಸಲೇ ಇಲ್ಲ. ಬರಿದೇ ಸಂಖ್ಯೆ ಹೇಳಿದೆ.

"ಕೇಳಾಕತ್ತೈತಿ ತಂಗೀ."

ಇಪ್ಪತ್ತಕ್ಕೂ ಕಳಿಸಲಿಲ್ಲ. "ಕೇಳಾಕತ್ತೈತಿ." ಇಪ್ಪತ್ತಮೂರಕ್ಕೂ ಇಲ್ಲ. "ಇದಂತೂ ಗಂಟಿ ಹೊಡದಂಗ ಕೇಳಾಕತ್ತೈತಿ," ಎಂದು ನಕ್ಕರು.

ಇಷ್ಟು ವರ್ಷ ನಂಬಿದ ಮನುಷ್ಯನಿಗೆ ಬಲೆ ಒಡ್ಡಿದೆನಲ್ಲ ಎಂದು ನಾಚಿಕೆಯಾಯಿತು. ಆಗಲೇ ಇನ್ನೊಂದು ಹೊಳೆಯಿತು. ಇತ್ತೀಚೆಗೆ ಬೂತು ಕೇಳಿಕೊಂಡು ಬಂದವರು, ಯಾಕಮ್ಮ ಹೀಗೆ ಕಿರುಚುತ್ತೀರಿ ಎಂದು ನನ್ನನ್ನು ಕೇಳುತ್ತಿದ್ದರು. ಗುರುಪಾದಯ್ಯನವರ ಜೊತೆ ಮಾತಾಡುತ್ತ ಆಡುತ್ತ ನನ್ನ ಧ್ವನಿ ಎರಡು ವರ್ಷದಿಂದ ಏರುತ್ತಲೇ ಹೋಗಿತ್ತು. ನನ್ನ ಗಂಟಲಿಗೆ ಗೊತ್ತಾಗಿದ್ದದ್ದು ನನಗೆ ಗೊತ್ತಾಗಿರಲಿಲ್ಲ.

ನಿಯಮದ ಪ್ರಕಾರ, ಪರೀಕ್ಷೆಯ ಫಲ ಎರಡು ತುದಿಯಲ್ಲಿ ಹೊಂದದಿದ್ದರೆ ಅದೇ ದಿನ ಮೇಲಿನ ಕಚೇರಿಗೆ ಬರೆಯಬೇಕು. ಅವರ ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಅರ್ಜಿಯ ಹಾಳೆ ತೆಗೆದೆ, ಮೇಲೆ ತಾರೀಖು ಬರೆದೆ, ಮುಂದಕ್ಕೆ ಪೆನ್ನು ಹೋಗಲಿಲ್ಲ. ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಹತ್ತೊಂಬತ್ತನೇ ಬೂತಿನಲ್ಲಿ ಸ್ವರ ಕಳಿಸುವ ಯಂತ್ರದ ವೈರು ಸಿಕ್ಕಿಸಿ ಬಿಟ್ಟು, ದ್ಯಾವಮ್ಮನ ಮನೆಗೆ ಹೋಗಿ, ಸಂಜೆ ಐದೂವರೆಗೆ ಆ ವೈರು ಕಿತ್ತು ಮಾತಾಡಿ ಎಂದೆ.

"ಕರೆಂಟು ಹೊಡೆಯಲ್ವಾ?"

"ಹೊಡೆಯಲ್ಲ. ನಾನು ಆಚೆಗೆ ಹೋಗ್ತಿದ್ದೀನಿ. ನಿಮ್ಮ ಕಸ್ತೂರಿ ನಿಮ್ಮ ಮೇಲೆ ಸಿಟ್ಟು ಮಾಡ್ಕೊಂಡಿಲ್ಲ ಅನಿಸ್ತಿದೆ."

ಹತ್ತು ಗಂಟೆಯ ದೋಣಿ ಹತ್ತಿದೆ. ನಡುಹೊಳೆಯಲ್ಲಿ ಗಂಟಲಿನಿಂದ ಏನೋ ಇಳಿದುಹೋದ ಹಾಗಾಯಿತು. ಕೆಮ್ಮಿ ನೋಡಿದೆ, ಗಾಳಿ ಬಂತು. ಆಚೆ ಕಟ್ಟೆಯಲ್ಲಿ ಒಂದು ಸ್ಲೇಟು ಕೊಂಡು ಎಕ್ಸ್‌ಚೇಂಜಿನ ದಾರಿ ಹಿಡಿದೆ.

ಬಾಗಿಲಿಗೆ ಬೆನ್ನು ಮಾಡಿ ಕುಳಿತಿದ್ದ ಗಿಡ್ಡನೆಯ ಮುದುಕರು ಅವರೇ ಇರಬೇಕೆಂದುಕೊಂಡೆ. ಫೋನಿನಲ್ಲಿ ಅವರ ಧ್ವನಿ ಕೇಳಿ ನಾನು ಎತ್ತರದ ಆಳನ್ನು ಕಲ್ಪಿಸಿಕೊಂಡಿದ್ದೆ. ಬಾಗಿಲು ತಟ್ಟಿದೆ, ತಿರುಗಲಿಲ್ಲ. ಕುರ್ಚಿ ಎಳೆದೆ, ತಿರುಗಲಿಲ್ಲ. ಸುತ್ತಿ ಬಂದು ಎದುರಿಗೆ ನಿಂತು ಸ್ಲೇಟು ಹಿಡಿದೆ: ನಾನು ಪಂಕಜಾಕ್ಷಿ.

ಅವರು ಓದಿದರು, ನನ್ನ ಮುಖ ನೋಡಿದರು, ಮತ್ತೆ ಓದಿದರು. "ಯವ್ವಾ! ಇಷ್ಟ ಸಣ್ಣಾಕಿ ಏನ ನೀ? ನಾ ಹಿರೇ ಹೆಣಮಗಳು ಅಂತ ತಿಳಕೊಂಡಿದ್ದೆ. ಕೂಡು, ಕೂಡು." ಕುರ್ಚಿಯನ್ನು ತಮ್ಮ ಅಂಗಿಯ ತುದಿಯಿಂದಲೇ ಒರೆಸಿದರು, ಚಹಾಕ್ಕೆ ಹೇಳಿದರು, ಬದನೆಕಾಯಿ ಬುಟ್ಟಿ ತಂದು ಮುಂದಿಟ್ಟರು. ಅವರ ಸಂತೋಷ ನೋಡಿ ನನ್ನ ಬಳಪ ಬಹಳ ಹೊತ್ತು ಏಳಲಿಲ್ಲ. ಆಮೇಲೆ ಬರೆದೆ: ಇವತ್ತು ಹತ್ತೊಂಬತ್ತರಲ್ಲಿ ನಾನು ಸ್ವರ ಕಳಿಸಿರಲಿಲ್ಲ.

ಅವರು ಸ್ಲೇಟನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಅಕ್ಷರ ಕಾಣದವರ ಹಾಗೆ ಹತ್ತಿರ ತಂದರು, ದೂರ ಹಿಡಿದರು. ಕೊನೆಗೆ ಮೇಜಿನ ಮೇಲೆ ಬೋರಲಾಗಿ ಇಟ್ಟರು.

"ಮೊದಲ ಗುಬ್ಬಿ ದನಿ ಹೋತು," ಎಂದರು. "ಗುಬ್ಬಿ ಬರೂದ ಬಿಟ್ಟಾವು ಅಂತ ತಿಳಕೊಂಡೆ. ಆಮ್ಯಾಗ ನಿನ್ನ ಸೀಟಿ ಹೋತು. ಎರಡು ವರ್ಷ ಆತು ತಂಗೀ. ದಪ್ಪ ದನಿ ಇನ್ನೂ ತಿಳೀತೈತಿ, ನೀನೂ ಗಟ್ಟಿಯಾಗಿ ಮಾತಾಡತಿ. ದೀಪ ಹಸರ ಇದ್ರ ಲೈನು ಚಲೋ ಇರತೈತಿ, ಹೌದಂದ್ರ ಯಾರಿಗೆ ಏನು ತ್ರಾಸು ಅಂತ... ಈ ಕುರ್ಚಿ ಬಿಟ್ರ ನನಗ ಮನ್ಯಾಗ ಮಾತಾಡ್ಸಾಕ ಯಾರೂ ಇಲ್ಲ. ಮುಂಜಾನೆ ಎಂಟಕ್ಕ ನೀ ಸಿಗತಿದ್ದಿ."

ನಾನು ಸ್ಲೇಟು ಒರೆಸಿ ಒಂದೇ ಹೆಸರು ಬರೆದೆ: ಕಸ್ತೂರಿ.

ಅವರು ಎದ್ದು ನಿಂತರು. ಆ ಹುಡುಗಿ ದಿನಾ ಸಂಜೆ ಅವರ ಕಣ್ಣೆದುರೇ ಬಂದು ಕೂತು ಹೋಗುತ್ತಿದ್ದಳು. ಮೂರನೆಯ ದಿನ ಅವಳು, ಲೈನು ಕೆಟ್ಟಿದೆಯೇ ಎಂದು ಸ್ಲೇಟಿನಲ್ಲಿ ಕೇಳಿದ್ದಳಂತೆ. ಇವರು ದೀಪ ನೋಡಿ, ಚಲೋ ಐತಿ ಮಗಳ, ನಿಮ್ಮವ್ವಗ ಸಿಟ್ಟು ಇಳಿದಿಲ್ಲ ಕಾಣಸತೈತಿ ಎಂದಿದ್ದರಂತೆ. "ನನ್ನ ಬಾಯಿಲೇ ಅಂದೀನಿ," ಎಂದು ಹಣೆ ಹಿಡಿದುಕೊಂಡರು. "ಆ ಬಸರಿ ಹುಡಿಗಿ ಅತ್ಕೊಂತ ಹೋತು. ನಾ ನೋಡೀನಿ."

ನಾನು ಅವರ ತೋಳು ಮುಟ್ಟಿ, ಯಂತ್ರಗಳ ಕಪಾಟಿನ ಕಡೆ ತೋರಿಸಿದೆ. ಬೇರೆ ಕರೆ ಬಾರದಿರಲೆಂದು ಅವರು ಹತ್ತೊಂಬತ್ತಕ್ಕೆ ತಡೆ ಹಾಕಿದರು, ಪರೀಕ್ಷೆಯ ಸ್ವರಕ್ಕೆ ಅದು ಅಡ್ಡಿಯಲ್ಲ. ನಾನು ಬೂತಿನಲ್ಲಿ ರಿಸೀವರ್ ಎತ್ತಿದೆ. ಈಚೆಯಿಂದ ನಾನು ಬಿಟ್ಟು ಬಂದ ಸ್ವರ ಅಲ್ಲಿ ಕೇಳಿಸುತ್ತಿರಲಿಲ್ಲ. ತಲೆ ಅಲ್ಲಾಡಿಸಿದೆ. ಅವರು ಕಪಾಟಿನ ಹಿಂದಿನಿಂದ ಆ ಲೈನಿನ ಸರ್ಕ್ಯೂಟ್ ಕಾರ್ಡು ಎಳೆದು, ಕನ್ನಡಕ ಮೇಲೇರಿಸಿ ತಿರುಗಿಸಿ ನೋಡಿದರು. ಅವರ ಬೆರಳು ಇನ್ನೂ ಚುರುಕಾಗಿತ್ತು. "ಇದರ ಬಾಯಿ ಚಲೋ ಐತಿ, ಕಿವಿ ಹೋಗೇತಿ. ಇದಕ್ಕೂ ನನ್ನ ಬ್ಯಾನೀನ ನೋಡು," ಎಂದರು. ನಗು ಅರ್ಧಕ್ಕೇ ನಿಂತಿತು. ಹೊಸ ಕಾರ್ಡು ಕೂರಿಸಿ ನನ್ನತ್ತ ನೋಡಿದರು. ರಿಸೀವರಿನಲ್ಲಿ ಸ್ವರ ಎದ್ದಿತು, ತೆಳ್ಳಗೆ, ಎಡೆಬಿಡದೆ. ನಾನು ಹೌದೆಂದು ತಲೆಯಾಡಿಸಿದೆ. ಅವರು ರಿಸೀವರನ್ನು ನನ್ನ ಕೈಯಿಂದ ತೆಗೆದುಕೊಂಡು ಒಂದು ಕಿವಿಗೆ, ಆಮೇಲೆ ಇನ್ನೊಂದು ಕಿವಿಗೆ ಹಿಡಿದರು. ಮೆಲ್ಲಗೆ ವಾಪಸು ಕೊಟ್ಟರು.

ಮಧ್ಯಾಹ್ನವೆಲ್ಲ ಹಾಗೇ ಕಳೆಯಿತು. ನಾನು ಬರೆಯುತ್ತಿದ್ದೆ, ಅವರು ಮಾತಾಡುತ್ತಿದ್ದರು. ನನಗೆ ಧ್ವನಿಯಿಲ್ಲ, ಅವರಿಗೆ ಕಿವಿಯಿಲ್ಲ. ಒಂಬತ್ತು ವರ್ಷದಲ್ಲಿ ನಾವು ಅಷ್ಟು ಸಲೀಸಾಗಿ ಮಾತಾಡಿದ್ದೇ ಇಲ್ಲ.

ಐದೂಕಾಲಿಗೆ ಕಸ್ತೂರಿ ಬಂದಳು. ತುಂಬಿದ ಹೊಟ್ಟೆ, ಕೈಯಲ್ಲಿ ಸ್ಲೇಟು, ಸೀಮಂತದ ಹಸಿರು ಬಳೆ. ಗುರುಪಾದಯ್ಯ ಅವಳ ಮುಂದೆ ಕೈಮುಗಿದರು. "ಲೈನು ಕೆಟ್ಟಿತ್ತು ಮಗಳ. ಚಲೋ ಐತಿ ಅಂತ ನಾ ಸುಳ್ಳು ಹೇಳೀನಿ. ನನಗ ಕಿವಿ ಕೇಳಸೂದಿಲ್ಲ. ನಿಮ್ಮವ್ವ ದಿನಾ ಮಾತಾಡ್ಯಾಳ." ಅವಳು ಅವರನ್ನೂ ನನ್ನನ್ನೂ ನೋಡಿದಳು. ಏನೂ ಬರೆಯದೆ ಬೂತಿನೊಳಗೆ ಹೋದಳು. ಅವರು ತಡೆ ತೆಗೆದರು.

ಗಾಜಿನಾಚೆ ಅವಳು ರಿಸೀವರ್ ಎತ್ತುವುದು ಕಂಡಿತು. ಮೂರು ಸಲ ಕುಟ್ಟಿದಳು. ಆಮೇಲೆ ಅಲುಗಾಡಲಿಲ್ಲ. ಆಮೇಲೆ ಇನ್ನೊಂದು ಕೈಯನ್ನೂ ರಿಸೀವರಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಒಂದು ಸಲ ಕುಟ್ಟಿದಳು. ಸ್ವಲ್ಪ ಬಿಟ್ಟು ಒಂದು ಸಲ. ಮತ್ತೊಂದು ಸಲ. ಹೌದು, ಹೌದು, ಹೌದು. ಆ ಕಡೆ ದ್ಯಾವಮ್ಮ ಏನು ಕೇಳುತ್ತಿದ್ದರೋ, ಇವಳು ಎಲ್ಲದಕ್ಕೂ ಹೌದೆನ್ನುತ್ತಿದ್ದಳು. ಗುರುಪಾದಯ್ಯ ಗೋಡೆಗೆ ಒರಗಿ ಆ ಬೆರಳನ್ನೇ ನೋಡುತ್ತಿದ್ದರು.

ಆರು ಗಂಟೆಯ ಕೊನೆಯ ದೋಣಿಗೆ ನಾನು ಹೊರಟಾಗ ಅವರು ಕಟ್ಟೆಯವರೆಗೆ ಬಂದರು. "ಮ್ಯಾಲಿನ ಕಚೇರಿಗೆ ಬರದ್ಯಾ?" ಎಂದರು. ನಾನು ಚೀಲದಿಂದ ಅರ್ಜಿಯ ಹಾಳೆ ತೆಗೆದು ತೋರಿಸಿದೆ. ತಾರೀಖಿನ ಕೆಳಗೆ ಖಾಲಿ.

"ಅದನ್ನ ನನಗ ಕೊಡು. ನೀ ಬರದ್ರ ಅದು ದೂರು ಆಗತೈತಿ. ನಾ ಬರದ್ರ ವರದಿ."

ಬೇಡವೆಂದು ತಲೆಯಾಡಿಸಿದೆ. ಸ್ಲೇಟಿನಲ್ಲಿ, ಬೇರೆ ಏನಾದರೂ ದಾರಿ ನೋಡೋಣ ಎಂದು ಬರೆಯತೊಡಗಿದೆ. ಅವರು ಬಳಪ ಹಿಡಿದ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟರು. "ಇನ್ನೊಬ್ಬರು ಯಾರರ ಅತ್ಕೊಂತ ಹೋಗೂದು ನನಗ ನೋಡಾಕ ಆಗೂದಿಲ್ಲ ತಂಗೀ," ಎಂದರು. ಹಾಳೆ ಕೊಟ್ಟೆ. ನಡುಹೊಳೆಯಲ್ಲಿ ಧ್ವನಿ ತುಂಬಿಕೊಂಡಿತು.

ದ್ಯಾವಮ್ಮ ಮಾರನೆಯ ದಿನವೇ ಮೊದಲ ದೋಣಿಗೆ ಹೋಗಿ ಬೀಗರ ಮನೆಯ ಹೊಸ್ತಿಲಲ್ಲಿ ಸ್ಲೇಟು ಹಿಡಿದು ನಿಂತರಂತೆ. ತಾಯಿ ಮಗಳಿಬ್ಬರೂ ಅಲ್ಲಿ ಮೂಕರೇ. ಮಧ್ಯಾಹ್ನದ ದೋಣಿಯಲ್ಲಿ ಕಸ್ತೂರಿ ಈಚೆಗೆ ಬಂದಳು. ನಡುಹೊಳೆಯಲ್ಲಿ ಅವಳು ಅವ್ವಾ ಎಂದು ಕೂಗಿದ್ದಕ್ಕೆ ದೋಣಿಯವನು ಹುಟ್ಟು ಬಿಟ್ಟುಬಿಟ್ಟನೆಂದು ಜನ ಹೇಳಿದರು.

ಮೇಲಿನ ಕಚೇರಿಯಿಂದ ಉತ್ತರ ಬರಲು ಮೂರು ವಾರ ಹಿಡಿಯಿತು. ಅಲ್ಲಿಯವರೆಗೆ ನಾನು ಊಟ ಸರಿಯಾಗಿ ಮಾಡಲಿಲ್ಲ. ಕಾಗದದಲ್ಲಿ ಎರಡೇ ಸಾಲು. ಗುರುಪಾದಯ್ಯ ಕಾರ್ಡು ಮತ್ತು ಪರದೆಯ ಕೆಲಸದಲ್ಲಿ ನಿವೃತ್ತಿಯವರೆಗೆ ಮುಂದುವರಿಯಬೇಕು. ಸ್ವರ ಪರೀಕ್ಷೆಗೆ ಬೆಳಿಗ್ಗೆ ಒಂದು ಗಂಟೆ ಕಿವಿ ಚುರುಕಾದ ಬೇರೊಬ್ಬರನ್ನು ಇಟ್ಟುಕೊಳ್ಳಬೇಕು. ಅವರ ಬೀದಿಯ ಹೂ ಕಟ್ಟುವ ಹೆಂಗಸೊಬ್ಬರು ಬರತೊಡಗಿದರು. ಮೂವತ್ತು ಲೈನು ಮುಗಿದ ಮೇಲೆ ಮಾತಿನ ಫೋನು ಗುರುಪಾದಯ್ಯನವರ ಕೈಗೆ ಹೋಗುತ್ತಿತ್ತು, ನಾನು ಈಗ ಗೊತ್ತಿದ್ದೇ ಕಿರುಚುತ್ತಿದ್ದೆ.

ಕಸ್ತೂರಿಗೆ ಗಂಡು ಮಗುವಾಯಿತು. ಸಂತೆಬೀದಿಯ ಎರಡು ತುದಿಗೂ ಕೇಳುವ ಹಾಗೆ ಕೂಗಿ ಹೆತ್ತಳು. ಹನ್ನೊಂದನೆಯ ದಿನ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ದ್ಯಾವಮ್ಮ ಹತ್ತೊಂಬತ್ತನೇ ಬೂತಿಗೆ ಬಂದರು. ಆಚೆ ಕಡೆ ಕಸ್ತೂರಿಯ ಗಂಡ ಸೋಮಲಿಂಗ ಕಾಯುತ್ತಿದ್ದ. ಮಾತು ಬಾರದ ಕೂಸಿಗೆ ಯಾವ ದಡವೂ ಇಲ್ಲ, ಎಲ್ಲಿದ್ದರೂ ಅಳುತ್ತದೆ. ರಿಸೀವರಿನ ತಂಪು ಕೆನ್ನೆಗೆ ತಗುಲಿದ್ದೇ ತಡ, ಮಗು ಬೂತು ಅದುರುವ ಹಾಗೆ ಅತ್ತಿತು. ದ್ಯಾವಮ್ಮ ನಗುತ್ತ ಅದನ್ನು ಅಲ್ಲೇ ಹಿಡಿದಿದ್ದರು.

ಸ್ವಲ್ಪ ಹೊತ್ತಿಗೆ ನನ್ನ ಮೇಜಿನ ಮಾತಿನ ಫೋನು ಬಡಿದುಕೊಂಡಿತು.

"ತಂಗೀ," ಎಂದರು ಗುರುಪಾದಯ್ಯ, "ನನಗ ಏನೂ ಕೇಳಸಲಿಲ್ಲ. ಖರೇ ಹೇಳತೀನಿ, ಒಂದಿಷ್ಟೂ ಕೇಳಸಲಿಲ್ಲ. ಕೂಸಿನ ಅಳು ಕೇಳಿದ ಸೋಮಲಿಂಗನ ಮಾರಿ ನೋಡಿದೆ. ಹತ್ತೊಂಬತ್ತು ಸೇವಾದಾಗ ಐತಿ. ಬರಕೋ."

ನಾನು ಬರೆದುಕೊಂಡೆ.